ಮೋನಾಕನ ಮೂಗು

ಕುಂಞಿ ಮೋನುವಿಗೆ ವಾಸನೆ ತಿಳಿಯುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಹನ್ನೊಂದು ದಿನ ಜ್ವರ ಬಂದು ಹೋಗಿತ್ತು. ನಾಲಿಗೆಯ ರುಚಿ ಎರಡು ತಿಂಗಳಲ್ಲಿ ಅರ್ಧ ಮರಳಿತು, ಮೂಗು ಮರಳಲಿಲ್ಲ. ಇದು ಗೊತ್ತಿದ್ದದ್ದು ಹೆಂಡತಿ ಬೀಫಾತುಮ್ಮನಿಗೆ ಮಾತ್ರ. ಒಂದು ದಿನ ಅವಳು ಬೂತಾಯಿ ಹುರಿಯಲು ಇಟ್ಟು ನೆರೆಮನೆಯಲ್ಲಿ ಮಾತಿಗೆ ನಿಂತಿದ್ದಳು. ಬಂದು ನೋಡಿದರೆ ಮೀನು ಕರಕಲಾಗಿತ್ತು, ವಾಸನೆ ಗೇಟಿನವರೆಗೆ ಬಂದಿತ್ತು. ಗಂಡ ಅಡುಗೆಕೋಣೆಯ ಬಾಗಿಲಿಗೆ ಬೆನ್ನು ಹಾಕಿ ಪೇಪರು ಓದುತ್ತಿದ್ದ. ಅವಳು ಏನೂ ಕೇಳಲಿಲ್ಲ. ಅವನೇ ಹೇಳಿದ, ಯಾರಿಗೂ ಹೇಳಬೇಡ ಅಂತಲೂ ಹೇಳಿದ.

ಬೇರೆ ಯಾರಿಗಾದರೂ ಇದು ದೊಡ್ಡ ನಷ್ಟವಲ್ಲ. ಕುಂಞಿ ಮೋನು ಪುತ್ತೂರಿನ ದರ್ಬೆಯಲ್ಲಿ ನಲವತ್ತು ವರ್ಷ ಬ್ರೇಕ್ ಶೂಗಳಿಗೆ ಲೈನಿಂಗ್ ಹೊಡೆದವನು. ಶೂ ಅಂದರೆ ಚಕ್ರದ ಡ್ರಮ್ಮಿನೊಳಗೆ ಕೂರುವ ಅರ್ಧಚಂದ್ರದ ಹಾಗಿನ ಲೋಹದ ತುಂಡು. ಅದರ ಬೆನ್ನಿಗೆ ಲೈನಿಂಗ್ ಪಟ್ಟಿಯನ್ನು ತಾಮ್ರದ ರಿವೆಟ್ ಹೊಡೆದು ಕೂರಿಸುತ್ತಾರೆ. ಪಟ್ಟಿ ಸವೆದರೆ ಹೊಸ ಪಟ್ಟಿ. ಪಟ್ಟಿ ಎಣ್ಣೆ ಕುಡಿದರೆ ಅದು ಸತ್ತ ಹಾಗೆ. ತೊಳೆದು ಮೇಲ್ಮೈ ಉಜ್ಜಿದರೆ ಹೊಸದರ ಹಾಗೆ ಕಾಣುತ್ತದೆ, ಘಾಟಿ ಇಳಿಯುವಾಗ ಬಿಸಿಯಾದರೆ ಒಳಗಿನ ಎಣ್ಣೆ ಬೆವರಿ ಬ್ರೇಕ್ ಜಾರುತ್ತದೆ. ಹಾಗೆ ತೊಳೆದ ಮಾಲನ್ನು ಹೊಸದೆಂದು ಮಾರುವವರು ಎಲ್ಲ ಊರಲ್ಲೂ ಇದ್ದಾರೆ. ಅದನ್ನು ಹಿಡಿಯಲು ಕುಂಞಿ ಮೋನು ಶೂವನ್ನು ಸ್ಟವ್ ಮೇಲೆ ಸ್ವಲ್ಪ ಬಿಸಿ ಮಾಡಿ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಹೊಸ ಪಟ್ಟಿಗೂ ತೆಳು ಹೊಗೆ ಬರುತ್ತದೆ. ಅದು ಅಂಟಿನ ಹೊಗೆಯೋ ಎಣ್ಣೆಯ ಹೊಗೆಯೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಸುಳ್ಯ, ಕಡಬದ ಲಾರಿಯವರು ಸಹ ಬೇರೆ ಕಡೆ ಕೊಂಡ ಶೂವನ್ನು ಅವನ ಮೂಗಿಗೆ ಹಿಡಿಸಿ ಆಮೇಲೆ ಹಾಕಿಸುತ್ತಿದ್ದರು. ಅವರೆಲ್ಲ ಮೋನಾಕ ಎಂದು ಕರೆಯುತ್ತಿದ್ದ ಅವನು ತಲೆ ಆಡಿಸಿದರೆ ಪಾಸು.

ಜ್ವರದ ನಂತರ ಎಂಟು ತಿಂಗಳು ಅವನು ಅಂದಾಜಿನಲ್ಲಿ ತಲೆ ಆಡಿಸಿದ. ಆಮೇಲೆ ಒಂದು ಶುಕ್ರವಾರ ಅಂಗಡಿಯ ಬೀಗದಕೈಯನ್ನು ಮಗ ಶಾಫಿಯ ಕೈಗೆ ಕೊಟ್ಟು ಮನೆಯಲ್ಲಿ ಕೂತ. ಶಾಫಿ ರಿವೆಟ್ ಹೊಡೆಯುವ ಕೆಲಸ ನಿಲ್ಲಿಸಿ ಪೆಟ್ಟಿಗೆಯಲ್ಲಿ ಬರುವ ರೆಡಿ ಮಾಲು ಮಾರಲು ಸುರು ಮಾಡಿದ. ರಿವೆಟ್ ಸ್ಟ್ಯಾಂಡು ಮನೆಯ ಜಗಲಿಗೆ ಬಂತು. ಗಟ್ಟಿಮುಟ್ಟಾಗಿದ್ದ ಉಪ್ಪ, ತನ್ನ ತಂದೆ, ಅಂಗಡಿ ಯಾಕೆ ಬಿಟ್ಟರು ಎಂದು ಶಾಫಿಗೆ ಅರ್ಥವಾಗಲಿಲ್ಲ. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ, ಸೋತರೆ ಮದುವೆಯಾಗಿ ಹೋದ ಅಕ್ಕಂದಿರ ಗಂಡಂದಿರಲ್ಲಿ ಒಬ್ಬನಿಗೆ ಅಂಗಡಿ ಹೋಗುತ್ತದೆ ಎಂದು ಅವನ ಲೆಕ್ಕ. ಬಿಲ್ಲು ಬರೆಯುತ್ತಿದ್ದ ಅವನ ಹೆಂಡತಿ ಶಮೀನಾಳಿಗೂ ಹಾಗೇ ಕಂಡಿತ್ತು. ಮದುವೆಯಾಗಿ ಎರಡು ವರ್ಷವಾದರೂ ಮಾವ ಅವಳ ಹತ್ತಿರ ನೇರವಾಗಿ ಮಾತಾಡಿದ್ದು ಕಡಿಮೆ. ಚಾಯ ಬೇಕಾದರೂ ಬೀಫಾತುಮ್ಮನ ಮೂಲಕ ಕೇಳುತ್ತಿದ್ದ.

ಜನವರಿಯ ಮೊದಲ ವಾರ ಬೆಟ್ಟಂಪಾಡಿಯ ದೇವದಾಸ ಮನೆಗೇ ಬಂದರು. ಅವರಲ್ಲಿ ಎರಡು ಶಾಲಾ ವ್ಯಾನು, ಒಂದು ಪಿಕಪ್ಪು ಇದ್ದವು. ಎಲ್ಲದರ ಬ್ರೇಕಿನ ಸಾಮಾನು ಹೋಗುವುದು ಶಾಫಿಯ ಅಂಗಡಿಯಿಂದ. ಆದರೆ ಅವರು ಬಂದದ್ದು ಶೆಡ್ಡಿನಲ್ಲಿದ್ದ ಕಾರಿನ ವಿಷಯಕ್ಕೆ. ಎರಡೇ ಸೀಟಿನ ಹಸಿರು ಸ್ಪೋರ್ಟ್ಸ್ ಕಾರು, ಐವತ್ತೆರಡನೇ ಇಸವಿಯ ಇಂಗ್ಲಿಷ್ ಗಾಡಿ. ಕಾಫಿ ಎಸ್ಟೇಟಿನ ದೊರೆ ಊರು ಬಿಡುವಾಗ ದೇವದಾಸರ ತಂದೆ ತೆಗೆದುಕೊಂಡದ್ದು. ಫೆಬ್ರವರಿ ಕೊನೆಯ ಆದಿತ್ಯವಾರ ಮಂಗಳೂರಿನ ಹಳೆ ಕಾರಿನವರು ಐದಾರು ಜನ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಹೋಗಿ ಬರುವವರಿದ್ದರು. ದೇವದಾಸರೂ ಹೆಂಡತಿ ಅಮ್ಮುವನ್ನು ಕೂರಿಸಿಕೊಂಡು ಹೋಗುತ್ತೇನೆ ಎಂದು ಹೆಸರು ಕೊಟ್ಟಿದ್ದರು. ಬ್ರೇಕಿನ ಲೈನಿಂಗ್ ರಿವೆಟ್ಟಿನವರೆಗೆ ಸವೆದಿತ್ತು. ನಾಲ್ಕು ಚಕ್ರಕ್ಕೆ ಎಂಟು ಶೂ. ಅವರು ಬಿಚ್ಚಿ ಗೋಣಿಯಲ್ಲಿ ತಂದು ಜಗಲಿಯಲ್ಲಿ ಇಟ್ಟರು.

"ಇದಕ್ಕೇ ಹೊಸ ಪಟ್ಟಿ ಹೊಡೆಯುದಾ, ಬೇರೆ ಶೂ ತರಿಸುದಾ, ನೀವು ಹೇಳಿದ ಹಾಗೆ ಮೋನಾಕ. ನೀವು ಮೂಸಿ ಪಾಸು ಮಾಡಿದ್ದನ್ನೇ ಹಾಕುದು. ಶಾಫಿಯ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ."

ಕುಂಞಿ ಮೋನು ಆಗಲಿ ಎಂದ. ಬೇಡ ಎನ್ನಲು ಕಾರಣ ಕೊಡಬೇಕಿತ್ತು. ಒಳಗಿನಿಂದ ಚಾಯ ತಂದ ಬೀಫಾತುಮ್ಮ ಅವನ ಮುಖ ನೋಡಿ ಲೋಟ ಇಟ್ಟು ಹೋದಳು.

ಮಧ್ಯಾಹ್ನ ಊಟಕ್ಕೆ ಬಂದ ಶಾಫಿ ಗೋಣಿಯನ್ನು ನೋಡಿದ. ಬಂಗುಡೆ ಸಾರಿನಲ್ಲಿ ಅನ್ನ ಕಲಸುತ್ತಾ, ಇಷ್ಟು ವರ್ಷದ ಗಿರಾಕಿ ಅಂಗಡಿಯ ಎದುರು ದಾಟಿ ಮನೆಗೆ ಬಂದದ್ದು ಯಾಕೆ ಎಂದು ಕೇಳಿದ. ದೇವದಾಸರ ಮಾತನ್ನು ಬೀಫಾತುಮ್ಮ ಸ್ವಲ್ಪ ಮೆತ್ತಗೆ ಮಾಡಿ ಹೇಳಿದಳು.

"ನಂಬಿಕೆ ಇಲ್ಲ ಅಂತ ಅಲ್ಲ ಅಂದರೆ ಎಂತ ಅರ್ಥ ಉಮ್ಮ? ನಂಬಿಕೆ ಉಂಟು ಅಂತವಾ?"

ಕುಂಞಿ ಮೋನು ಮೀನಿನ ಮುಳ್ಳು ಬಿಡಿಸುತ್ತಿದ್ದ. ತಾನೇ ಪಟ್ಟಿ ಹೊಡೆಯುತ್ತೇನೆ, ಎಂಬತ್ತೇಳರಲ್ಲೂ ಎರಡು ಸಾವಿರದ ಒಂಬತ್ತರಲ್ಲೂ ಅದೇ ಶೂಗಳಿಗೆ ಹೊಡೆದದ್ದು ತಾನೇ ಎಂದ. ಹೊಸ ಪಟ್ಟಿಯ ಸುರುಳಿ ಮಾತ್ರ ಮಂಗಳೂರಿನಿಂದ ತರಿಸಿದರೆ ಸಾಕು. ಪೂರ್ತಿ ಹೊಸ ಸುರುಳಿಯನ್ನು ಮೂಸುವ ಕೆಲಸ ಇಲ್ಲ ಎಂದು ಅವನು ಆಗಲೇ ಯೋಚಿಸಿ ಇಟ್ಟಿದ್ದ.

ಮೂರು ದಿನ ಬಿಟ್ಟು ನೋಡಿದರೆ ಜಗಲಿಯಲ್ಲಿ ಗೋಣಿ ಇರಲಿಲ್ಲ.

ಶಾಫಿ ಅದನ್ನು ಮಂಗಳೂರಿನ ಬಸ್ಸಿಗೆ ಹಾಕಿದ್ದ. ಈ ವ್ಯಾಪಾರದಲ್ಲಿ ಅದು ದಿನಾಲೂ ನಡೆಯುವುದು. ಸವೆದ ಶೂ ಕೊಟ್ಟರೆ ಲೈನಿಂಗಿನವನು ಅದೇ ಅಳತೆಯ, ಪಟ್ಟಿ ಹೊಡೆದು ಇಟ್ಟ ಬೇರೆ ಸೆಟ್ಟನ್ನು ಕೂಡಲೇ ಕೊಡುತ್ತಾನೆ. ಯಾರ ಶೂ ಯಾರ ಗಾಡಿಗೆ ಹೋಯಿತು ಎಂದು ಯಾರೂ ನೋಡುವುದಿಲ್ಲ. ಮಂಗಳೂರು ಬಂದರಿನ ಒಬ್ಬ ಲೈನಿಂಗಿನವನು, ಹಳೆ ಇಂಗ್ಲಿಷ್ ಕಾರಿನ ಸೆಟ್ಟು ರೆಡಿ ಉಂಟು ಎಂದು ಫೋನಿನಲ್ಲಿ ಹೇಳಿದ್ದ. ಶಾಫಿಗೆ ಕೆಲಸ ಬೇಗ ಮುಗಿಯಬೇಕಿತ್ತು, ತನ್ನ ಅಂಗಡಿಯಿಂದಲೇ ಮುಗಿಯಬೇಕಿತ್ತು.

"ಎಕ್ಸ್‌ಚೇಂಜಿಗೆ ಕೊಟ್ಟೆ. ಎಲ್ಲರೂ ಹಾಗೇ ಅಲ್ವಾ ಮಾಡುದು?"

"ಅದು ಜೀಪಿಗೆ. ಜೀಪು ಊರಲ್ಲಿ ಸಾವಿರ ಉಂಟು. ಈ ಕಾರು ಎಷ್ಟುಂಟು, ಎಣಿಸಿ ಹೇಳು ನೋಡುವ," ಎಂದ ಕುಂಞಿ ಮೋನು. "ಡ್ರಮ್ಮಿಗೂ ಶೂವಿಗೂ ಎಪ್ಪತ್ತು ವರ್ಷದ ಹೊಂದಾಣಿಕೆ. ಅದನ್ನು ಬಸ್ಸಿನ ಮೇಲೆ ಹಾಕಿದೆ ನೀನು. ಕೇಳಿದೆಯಾ ನನ್ನ ಹತ್ತಿರ?"

"ನೀವು ಅಂಗಡಿ ಬಿಡುವಾಗ ನನ್ನ ಹತ್ತಿರ ಕೇಳಿದ್ದೀರಾ?"

ಮಾತು ಬೆಳೆಯಿತು. ಮರುದಿನ ಫೋನು ಮಾಡಿದಾಗ ಬಂದರಿನವನು ಹಳೆಯ ಎಂಟನ್ನು ಬೇರೆಯವರಿಗೆ ಕಳಿಸಿ ಆಗಿದೆ ಎಂದ. ಯಾರಿಗೆ ಎಂದು ನೆನಪಿಲ್ಲ ಎಂದ. ಅದನ್ನು ಕುಂಞಿ ಮೋನು ನಂಬಲಿಲ್ಲ, ಶಾಫಿಯೂ ನಂಬಲಿಲ್ಲ. ಆ ಸಂಜೆ ಅಕ್ಕಿರೊಟ್ಟಿಯ ಹಾಗಿನ ಪತ್ತಿರಿನ ಬಟ್ಟಲು ಮುಂದಿಟ್ಟುಕೊಂಡು ಶಾಫಿ, ಸುಳ್ಯದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಕೋಣೆ, ಮೇಲೆ ಮನೆ ನೋಡಿ ಬಂದದ್ದು ಹೇಳಿದ. ದೇವದಾಸರ ಎದುರು ತನ್ನ ಮಾಲಿಗೆ ಉಪ್ಪ ಮುಖ ಕಿವುಚಿದರೆ ಮರುವಾರವೇ ಶಮೀನಾಳನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಶಮೀನಾ ತಲೆ ಎತ್ತಲಿಲ್ಲ. ಬೀಫಾತುಮ್ಮ ತನ್ನ ಬಟ್ಟಲಿನ ಪತ್ತಿರನ್ನು ಮಗನ ಬಟ್ಟಲಿಗೆ ಹಾಕಿದಳು. ಅವನು ತಿನ್ನಲಿಲ್ಲ.

ಮಂಗಳೂರಿನ ಸೆಟ್ಟು ಬಂದದ್ದು ಜನವರಿ ಕೊನೆಗೆ. ಶಾಫಿ ಅಂಗಡಿಯಲ್ಲಿ ಬಿಚ್ಚಿ ನೋಡಿದಾಗ ಎರಡು ಶೂಗಳ ಅಂಚು ಕಪ್ಪಾಗಿತ್ತು. ಫೋನು ಮಾಡಿದ. ಅದು ರಿವೆಟ್ ಮೆಷಿನ್ನಿನ ಎಣ್ಣೆ, ಮೇಲಿಂದ ತಾಗಿದ್ದು, ಪೆಟ್ರೋಲಿನಲ್ಲಿ ತೊಳೆ ಎಂದ ಬಂದರಿನವನು. ಶಾಫಿ ವಾಪಸ್ ಕಳಿಸಬಹುದಿತ್ತು. ಕಳಿಸಿದರೆ ಉಪ್ಪ ಹೇಳಿದ್ದೇ ಸರಿ ಎಂದಾಗುತ್ತಿತ್ತು. ಅವನು ಎಂಟನ್ನೂ ಮನೆಗೆ ತಂದು ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಪೆಟ್ರೋಲು ಸುರಿದು ಬ್ರಷ್ಷಿನಲ್ಲಿ ತಿಕ್ಕಿ, ಉಪ್ಪುಕಾಗದದಿಂದ ಉಜ್ಜಿ, ಟೆರೇಸಿನಲ್ಲಿ ಎರಡು ದಿನ ಒಣಗಿಸಿದ. ತೊಳೆದದ್ದು ಉಪ್ಪ ಸಂಜೆಯ ಅಸರ್ ನಮಾಜಿಗೆ ಪಳ್ಳಿಗೆ ಹೋಗಿದ್ದ ಹೊತ್ತಿನಲ್ಲಿ.

ಮರುದಿನ ಒಗೆದ ಬಟ್ಟೆಗೆಲ್ಲ ವಾಸನೆ ಹಿಡಿಯಿತು. ಪೆಟ್ರೋಲಿನದ್ದು ಬೇಗ ಹೋಯಿತು, ಅದರ ಅಡಿಯಲ್ಲಿ ಕೊಳೆತ ಬೆಳ್ಳುಳ್ಳಿಯ ಹಾಗಿನ ಒಂದು ವಾಸನೆ ಉಳಿಯಿತು. ಶಮೀನಾ ಕಲ್ಲನ್ನು ಮೂರು ಸಲ ಸೋಪು ಹಾಕಿ ತೊಳೆದಳು. ಗಂಡನ ಹತ್ತಿರ ಜಗಳಕ್ಕೆ ಹೋದಳು.

"ಎಂತದ್ದು ತೊಳೆದದ್ದು ನೀವು ಕಲ್ಲಿನಲ್ಲಿ? ಮಾಮಿಯ ನಮಾಜಿನ ಬಟ್ಟೆಯೂ ನಾರುದು."

"ನಿನಗೆ ಯಾಕೆ? ಬಿಲ್ಲು ಬರಿ."

ಅವಳು ಬಿಲ್ಲು ಬರೆದಳು.

ಅದೇ ವಾರ ದೇವದಾಸರ ಮಗ ಅವಿನ್ ಇನ್ನೊಂದು ಸೆಟ್ಟು ತಂದುಕೊಟ್ಟ. ಇಂಗ್ಲೆಂಡಿನಿಂದ ನೆಟ್ಟಿನಲ್ಲಿ ತರಿಸಿದ್ದು. ನೀಲಿ ಪೆಟ್ಟಿಗೆ, ಎಣ್ಣೆಕಾಗದ, ಎಂಟು ಹೊಸ ಶೂ. ಪಟ್ಟಿಗೆ ರಿವೆಟ್ ಇಲ್ಲ, ಅಂಟಿನಲ್ಲಿ ಕೂರಿಸಿದ್ದು. ಕುಂಞಿ ಮೋನು ಒಂದೊಂದನ್ನೇ ಕೈಯಲ್ಲಿ ತಿರುಗಿಸಿ ಅಂಚಿಗೆ ಉಗುರು ಹಾಕಿದ. ಅಂಟಿನ ಪಟ್ಟಿ ಎದ್ದು ಚಕ್ರದೊಳಗೆ ಸಿಕ್ಕಿಕೊಂಡದ್ದನ್ನು ಅವನು ಒಮ್ಮೆ ನೋಡಿದ್ದ. ಪೆಟ್ಟಿಗೆಯ ಮೇಲಿನ ಹೆಸರಿನ ಮೇಲೂ ಅವನಿಗೆ ಸಂಶಯ. ಪೆಟ್ಟಿಗೆ ಎಲ್ಲಿ ಬೇಕಾದರೂ ಪ್ರಿಂಟ್ ಆಗುತ್ತದೆ, ಅಂಗಡಿ ನೋಡದೆ, ಮುಖ ನೋಡದೆ ತೆಗೆಯುವುದು ಎಂತಹ ವ್ಯಾಪಾರ ಎಂದು ಅವಿನನ ಎದುರೇ ಕೇಳಿದ. ಶಾಫಿ ತನ್ನ ಸೆಟ್ಟನ್ನು ತಂದು ಪಕ್ಕದಲ್ಲಿ ಇಟ್ಟ. ತಾಮ್ರದ ರಿವೆಟ್ ಸಾಲಾಗಿ ಹೊಳೆಯುತ್ತಿತ್ತು. ಅಳತೆಯೂ ಸರಿ ಇತ್ತು. ಪಟ್ಟಿಯ ಬಣ್ಣ ಮಾತ್ರ ಸ್ವಲ್ಪ ಜಾಸ್ತಿ ಸಮನಾಗಿತ್ತು. ಉಜ್ಜಿದ್ದೋ, ಹೊಸದೋ. ನೋಡಿ ಹೇಳುತ್ತೇನೆ, ನಾಲ್ಕು ದಿನ ಬೇಕು ಎಂದ ಕುಂಞಿ ಮೋನು.

ನಾಲ್ಕು ದಿನವೂ ಅವನು ಶೂಗಳ ಸುತ್ತ ತಿರುಗಿದ. ಐದನೆಯ ದಿನ ಶಮೀನಾ ಊಟದ ಬುತ್ತಿ ಹಿಡಿದು ಅಂಗಡಿಗೆ ಹೊರಟ ಮೇಲೆ ಅಡುಗೆಕೋಣೆಗೆ ಬಂದು ಬಾಗಿಲು ಎಳೆದುಕೊಂಡ. ಗ್ಯಾಸನ್ನು ಸಣ್ಣ ಮಾಡಿ ಮೊದಲು ನೀಲಿ ಪೆಟ್ಟಿಗೆಯ ಶೂವನ್ನು ಇಕ್ಕಳದಲ್ಲಿ ಹಿಡಿದು ಬಿಸಿ ಮಾಡಿದ. ತೆಳು ಹೊಗೆ ಬಂತು. ಅದನ್ನು ಹೆಂಡತಿಯ ಮೂಗಿನ ಹತ್ತಿರ ಹಿಡಿದ.

"ಅಂಟು," ಎಂದಳು ಬೀಫಾತುಮ್ಮ. "ಚಪ್ಪಲಿ ಅಂಗಡಿಯ ವಾಸನೆ."

"ಬೇರೆ ಎಂತದೂ ಇಲ್ವಾ?"

"ಇಲ್ಲ."

ಶಾಫಿಯ ಸೆಟ್ಟಿನಿಂದ ಒಂದು ತೆಗೆದ. ಅದರಿಂದಲೂ ಅಷ್ಟೇ ಹೊಗೆ. ಬೀಫಾತುಮ್ಮ ಹತ್ತಿರ ಬಗ್ಗಿದಳು. ಗೇರ್ ಆಯಿಲಿನ ವಾಸನೆ ಅವಳಿಗೆ ಹೊಸದಲ್ಲ. ನಲವತ್ತು ವರ್ಷ ಆ ವಾಸನೆಯ ಅಂಗಿ ಒಗೆದವಳು. ಆಕ್ಸಲಿನ ಎಣ್ಣೆ ಸೋರಿ ಅದನ್ನು ಶೂ ಕುಡಿದ ಗಾಡಿಗಳ ಕಥೆಯನ್ನು ಗಂಡನ ಬಾಯಿಯಿಂದ ಊಟದ ಹೊತ್ತು ಎಷ್ಟೋ ಸಲ ಕೇಳಿದವಳು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಎಂತ ಉಂಟು?" ಎಂದ ಅವನು.

"ಎಂತದೂ ಇಲ್ಲ. ಹೊಸತು."

"ಸರಿ ನೋಡು."

"ನೋಡಿದೆ ಅಲ್ವಾ. ಎಷ್ಟು ಸಲ ನೋಡುದು?"

ಅವನು ಇನ್ನೊಂದು ಶೂ ಬಿಸಿ ಮಾಡಿದ. ಅವಳು ಅದಕ್ಕೂ ಇಲ್ಲ ಎಂದಳು. ಮೂರನೆಯದಕ್ಕೆ ಅನ್ನ ಬಸಿಯಬೇಕು ಎಂದು ತಿರುಗಿ ನಿಂತಳು.

ಪರ್ಸು ಮರೆತು ವಾಪಸ್ ಬಂದಿದ್ದ ಶಮೀನಾ ಹಿತ್ತಿಲ ಕಿಟಕಿಯಿಂದ ಇದನ್ನು ಕಂಡಳು. ಮಾವ ಶೂ ಹಿಡಿದದ್ದು, ಅತ್ತೆ ಮೂಸಿದ್ದು. ಅಂಗಡಿಗೆ ಹೋಗಿ ಗಂಡನಿಗೆ ಹೇಳಿದಳು: ಇಬ್ಬರೂ ಬಾಗಿಲು ಹಾಕಿಕೊಂಡು ನಿಮ್ಮ ಮಾಲಿನಲ್ಲಿ ತಪ್ಪು ಹುಡುಕುದು. ಸುಳ್ಯದ ಕೋಣೆಯವರಿಗೆ ಇವತ್ತೇ ಫೋನು ಮಾಡಿ.

ಆ ಸಂಜೆ ಶಾಫಿ ಜಗಳಕ್ಕೆ ತಯಾರಾಗಿಯೇ ಊಟಕ್ಕೆ ಕೂತ. ಕುಂಞಿ ಮೋನು ಎರಡು ತುತ್ತು ತಿಂದು, ನೀಲಿ ಪೆಟ್ಟಿಗೆ ಬೇಡ, ವಾಪಸ್ ತೆಗೆದುಕೊಂಡು ಹೋಗಿ ಅಂತ ದೇವದಾಸಣ್ಣನಿಗೆ ಹೇಳಿದ್ದೇನೆ ಎಂದ.

"ನಿನ್ನದು ಒಳ್ಳೆಯದುಂಟು. ರಿವೆಟ್ ಹೊಡೆದವನಿಗೆ ಕೆಲಸ ಗೊತ್ತುಂಟು. ಅದೇ ಹಾಕುವ."

ಶಾಫಿ ಉಪ್ಪನ ಮುಖ ನೋಡಿದ. ಇದರಲ್ಲಿ ಎಂತ ಉಂಟು ಎಂದು ಹುಡುಕಿದ. ಆಮೇಲೆ ಉಮ್ಮನ ಕಡೆ ನೋಡಿದ. ಬೀಫಾತುಮ್ಮ ಮಗನಿಗೆ ಸಾರು ಬಡಿಸುತ್ತಿದ್ದಳು.

ಮನೆಯಲ್ಲಿ ಎರಡು ವಾರ ಜಗಳ ಇರಲಿಲ್ಲ. ಶುಕ್ರವಾರ ನೆಯ್ಚೋರು, ತುಪ್ಪದ ಅನ್ನ, ಮಾಡಿದರು. ಕುಂಞಿ ಮೋನು ಶಾಫಿಯ ಬೈಕಿನ ಹಿಂದೆ ಕೂತು ಬೆಟ್ಟಂಪಾಡಿಗೆ ಹೋಗಿ ಎಂಟೂ ಶೂಗಳನ್ನು ತಾನೇ ನಿಂತು ಹಾಕಿಸಿದ. ಶೆಡ್ಡಿನ ಎದುರಿನ ಇಳಿಜಾರಿನಲ್ಲಿ ದೇವದಾಸರು ನಾಲ್ಕು ಸಲ ಹತ್ತಿ ಇಳಿದರು. ತಣ್ಣಗಿದ್ದ ಬ್ರೇಕು ಚೆನ್ನಾಗಿ ಹಿಡಿಯಿತು. ಅಮ್ಮು ಇಬ್ಬರಿಗೂ ಎಳನೀರು ಕೊಟ್ಟರು. ವಾಪಸ್ ಬರುವಾಗ ಶಾಫಿ, ರಿವೆಟ್ ಸ್ಟ್ಯಾಂಡನ್ನು ಪುನಃ ಅಂಗಡಿಗೆ ತಂದರೆ ಹೇಗೆ ಎಂದು ಕೇಳಿದ. ಸುಳ್ಯದ ಕೋಣೆಯವರಿಗೆ ಅವನು ಮುಂಗಡ ಕೊಡಲಿಲ್ಲ. ಶಮೀನಾಳಿಗೆ ಮಾತ್ರ ಇದು ಸರಿ ಕಾಣಲಿಲ್ಲ. ಕಲ್ಲಿಗೇ ಹಿಡಿದ ವಾಸನೆ, ಅಷ್ಟು ಮೂಸಿದವರಿಗೆ ಶೂವಿನಲ್ಲಿ ಹೇಗೆ ಸಿಗಲಿಲ್ಲ? ಗಂಡನ ಹತ್ತಿರ ಕೇಳಿದರೆ ಪುನಃ ಬಿಲ್ಲು ಬರಿ ಎನ್ನುತ್ತಾನೆ. ಅವಳು ಬಿಲ್ಲು ಬರೆಯುತ್ತಾ ಹೋದಳು.

ಫೆಬ್ರವರಿ ಕೊನೆಯ ಆದಿತ್ಯವಾರ ಹಳೆ ಕಾರುಗಳು ಘಾಟಿ ಹತ್ತಿದವು. ಹತ್ತುವಾಗ ಬ್ರೇಕಿಗೆ ಕೆಲಸ ಇಲ್ಲ. ಇಳಿಯುವಾಗ ಮಧ್ಯಾಹ್ನ ಮೂರು ಗಂಟೆ, ಬಿಸಿಲು, ಎದುರು ಲಾರಿಗಳ ಸಾಲು. ಅರ್ಧ ದಾರಿಯಲ್ಲಿ ದೇವದಾಸರ ಪೆಡಲು ಗಟ್ಟಿಯಾಗಿಯೇ ಇತ್ತು, ಗಾಡಿ ನಿಲ್ಲಲಿಲ್ಲ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಘಾಟಿಯ ಬುಡದ ಗುಂಡ್ಯದವರೆಗೆ ತಂದರು. ಅಲ್ಲಿ ಎದುರಿಗೆ ಒಂದು ಬಸ್ಸು ನಿಂತಿತ್ತು. ರಸ್ತೆ ಅಗಲ ಮಾಡುವವರು ಸುರಿದಿದ್ದ ಜಲ್ಲಿರಾಶಿಗೆ ಕಾರನ್ನು ತಿರುಗಿಸಿದರು.

ಸುದ್ದಿ ಸಂಜೆಗೇ ಬಂತು. ಜೀವಕ್ಕೆ ಅಪಾಯ ಇಲ್ಲ ಎಂದು ಅವಿನ್ ಶಾಫಿಗೆ ಹೇಳಿ ಫೋನು ಇಟ್ಟ. ಹತ್ತು ದಿನ ಬಿಟ್ಟು ದೇವದಾಸರು ಬಂದರು. ಬಲಗೈಗೆ ಪ್ಲಾಸ್ಟರು. ಅವಿನ್ ಪ್ಲಾಸ್ಟಿಕ್ ಚೀಲದಿಂದ ಎರಡು ಶೂ ತೆಗೆದು ಜಗಲಿಯ ಮೇಲೆ ಇಟ್ಟ. ಪಟ್ಟಿ ಕಪ್ಪಾಗಿ ಬೆವರಿ ಮಿಂಚುತ್ತಿತ್ತು. ಕುಂಞಿ ಮೋನು ಬೆರಳಿನಿಂದ ಒರೆಸಿ ನೋಡಿದ.

"ನಾನು ಬೈಯಲಿಕ್ಕೆ ಬಂದದ್ದಲ್ಲ ಮೋನಾಕ," ಎಂದರು ದೇವದಾಸರು. "ಹೊಸ ಪೆಟ್ಟಿಗೆ ಮನೆಯಲ್ಲಿತ್ತು. ನೀವು ಬೇಡ ಅಂದಿರಿ. ಯಾಕೆ ಅಂತ ಒಂದು ಮಾತು ಹೇಳಿ, ನಾನು ಹೋಗ್ತೇನೆ."

ಕುಂಞಿ ಮೋನು ಬಾಯಿ ತೆರೆಯುವ ಮೊದಲು ಶಾಫಿ ಮಾತಾಡಿದ.

"ಯಾಕೆ ಅಂತ ನಾನು ಹೇಳ್ತೇನೆ. ಇವರಿಗೆ ಗೊತ್ತಿತ್ತು. ನಲವತ್ತು ವರ್ಷದ ಮೂಗು, ಗೇರ್ ಆಯಿಲ್ ಗೊತ್ತಾಗುದಿಲ್ವಾ? ಬೇಕೆಂದೇ ಪಾಸು ಮಾಡಿದ್ದು. ನನ್ನ ಅಂಗಡಿ ಮುಚ್ಚಬೇಕು ಅಂತ."

"ನನಗೆ ವಾಸನೆ ಇಲ್ಲ," ಎಂದ ಕುಂಞಿ ಮೋನು. "ನಾಲ್ಕು ವರ್ಷವಾಯಿತು. ಜ್ವರದಲ್ಲಿ ಹೋದದ್ದು."

ಶಾಫಿ ನಕ್ಕ.

"ಈಗ ಹೋಯಿತಾ ವಾಸನೆ? ಗುಂಡ್ಯದಲ್ಲಿ ಹೋದದ್ದಾ?"

ದೇವದಾಸರು ನೆಲ ನೋಡಿದರು. ಅವರೂ ನಂಬಲಿಲ್ಲ ಎಂದು ಕಾಣುತ್ತಿತ್ತು. ಕುಂಞಿ ಮೋನು ಹೆಂಡತಿಯ ಕಡೆ ನೋಡಿದ. ಬೀಫಾತುಮ್ಮ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು.

ಅವಳ ಹಿಂದಿನಿಂದ ಶಮೀನಾ ಹೇಳಿದಳು, "ಮಾಮ ಮೂಸಿದ್ದಲ್ಲ. ಮಾಮಿಯ ಮೂಗಿಗೆ ಹಿಡಿದದ್ದು. ನಾನು ಕಿಟಕಿಯಿಂದ ಕಂಡಿದ್ದೇನೆ."

ಕುಂಞಿ ಮೋನು ಒಂದು ಶೂ ಎತ್ತಿ ಸೊಸೆಗೆ ಚಾಚಿದ. ಅವಳ ಹತ್ತಿರ ಅವನು ನೇರವಾಗಿ ಏನನ್ನಾದರೂ ಕೇಳಿದ್ದು ಅದು ಮೊದಲು.

"ನೀನು ನೋಡಿ ಹೇಳು."

ಅವಳು ಮೂಗಿಗೆ ಹಿಡಿಯಲಿಲ್ಲ. ಹಿಡಿಯಬೇಕಾಗಿರಲಿಲ್ಲ.

"ಇದೇ ವಾಸನೆ ಒಗೆಯುವ ಕಲ್ಲಿನಲ್ಲೂ ಇತ್ತು. ಇವರು ಪೆಟ್ರೋಲಿನಲ್ಲಿ ತೊಳೆದ ದಿನ. ಮೂರು ದಿನ ಇತ್ತು. ಮಾಮಿಯ ಬಟ್ಟೆಯಲ್ಲೂ ಇತ್ತು."

ಶಾಫಿ ಹೆಂಡತಿಯ ಕಡೆ ತಿರುಗಿದ. ಕುಂಞಿ ಮೋನು ಅವನನ್ನು ನೋಡಲಿಲ್ಲ. ಅವನ ಕಣ್ಣು ಬೀಫಾತುಮ್ಮನ ಮೇಲೇ ಇತ್ತು.

"ವಾಸನೆ ಇತ್ತಾ?"

"ಇತ್ತು," ಎಂದಳು ಅವಳು.

"ನೀನು ಇಲ್ಲ ಅಂದೆ."

"ಉಂಟು ಅಂದರೆ ಇವನು ಸುಳ್ಯಕ್ಕೆ ಹೋಗ್ತಿದ್ದ. ದೇವದಾಸಣ್ಣ ಕಾರಿನಲ್ಲಿ ಹೋಗಿ ಬರುದು ಒಂದು ದಿನ ಅಲ್ವಾ ಅಂತ ಗ್ರಹಿಸಿದೆ. ಇವನು ಹೋದರೆ ಹೋದ ಹಾಗೇ."

ಅವಿನ್ ತಂದೆಯ ಎಡಗೈ ಹಿಡಿದು ಎಬ್ಬಿಸಿದ. ದೇವದಾಸರು ಚಪ್ಪಲಿ ಹಾಕಿಕೊಂಡು, ಶೂಗಳನ್ನು ಇಲ್ಲೇ ಬಿಟ್ಟು ಹೋಗ್ತೇನೆ ಎಂದರು. ವ್ಯಾನಿನ ಸಾಮಾನಿಗೆ ಅವರು ಪುನಃ ಬರಲಿಲ್ಲ. ಮೂರು ವಾರದಲ್ಲಿ ಕಡಬದ ಲಾರಿಯವರಿಗೂ ಕಥೆ ಗೊತ್ತಾಗಿತ್ತು. ಕೆಲವರು ಮೋನಾಕನಿಗೆ ಮೂಗೇ ಇರಲಿಲ್ಲವಂತೆ ಎಂದರು. ಹೆಚ್ಚಿನವರು ಮಗನ ಅಂಗಡಿ ಮುಚ್ಚಿಸಲು ಮಾಡಿದ್ದು ಎಂಬುದನ್ನೇ ನಂಬಿದರು, ಅದೇ ಅವರಿಗೆ ಸುಲಭವಾಯಿತು. ಶಾಫಿ ಯಾವುದನ್ನು ನಂಬಿದ ಎಂದು ಹೇಳಲಿಲ್ಲ. ಎಪ್ರಿಲ್ ಒಂದಕ್ಕೆ ಪಿಕಪ್ಪು ತಂದು ಸಾಮಾನು ತುಂಬಿಸಿದ. ಶಮೀನಾ ಹೊರಡುವ ಮೊದಲು ಕಲ್ಲಿನ ಮೇಲೆ ನೆನೆಹಾಕಿದ್ದ ಅತ್ತೆಯ ಬಟ್ಟೆಯನ್ನು ಹಿಂಡಿ ಒಣಗಲು ಹಾಕಿ ಹೋದಳು.

ಹೋದದ್ದು ಇಷ್ಟು: ದೇವದಾಸರ ಕಾರಿನ ಎದುರಿನ ಎರಡು ಲೈಟು, ಒಂದು ಮಡ್‌ಗಾರ್ಡು, ರೇಡಿಯೇಟರು. ಅವರ ಬಲಗೈ ಆರು ವಾರ. ಅಮ್ಮುವಿನ ಎರಡು ಹಲ್ಲು. ಐವತ್ತೆರಡನೇ ಇಸವಿಯ ಎಂಟು ಶೂ. ದರ್ಬೆಯ ಅಂಗಡಿಯ ಬೋರ್ಡಿನಿಂದ ಶಾಫಿಯ ಹೆಸರು. ಊಟದ ಹೊತ್ತಿಗೆ ನಾಲ್ಕು ಬಟ್ಟಲಿನಲ್ಲಿ ಎರಡು.